ಹಳದಿ ಕಾಗದ ಬಂದಾಗ ಯಂತ್ರ ನಿಲ್ಲಿಸಬೇಕು

ಟೇಪು ಬಂದದ್ದು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ. ಮುಚ್ಚಳದ ಸುತ್ತ ಅಂಟುಪಟ್ಟಿಯನ್ನು ಮತ್ತೆ ಮತ್ತೆ ಸುತ್ತಿದ್ದರು. ನಾನು ಕತ್ತರಿ ತರಲು ಎದ್ದರೆ, ಅದನ್ನು ತಂದಿದ್ದ ಹೆಂಗಸು ಬೇಡವೆಂದು ಕೈ ಆಡಿಸಿ, ಉಗುರಿನಿಂದ ಅದರ ತುದಿ ಹುಡುಕುತ್ತ ಕೂತರು. ನಾನು ಹುಟ್ಟಾ ಅವಸರದವಳು. ಆದರೂ ವಯಸ್ಸಾದವರ ಕೈ ಕೆಲಸ ಮಾಡುತ್ತಿರುವಾಗ ನಡುವೆ ನಮ್ಮ ಕೈ ತೂರಿಸಬಾರದು ಎಂದು ಅಮ್ಮ ಕಲಿಸಿದ್ದು ಇನ್ನೂ ಮರೆತಿಲ್ಲ, ಸುಮ್ಮನೆ ಕೂತೆ.

ಪರದೇಶದ ಈ ಮಳೆಯೂರು ಸಮಾಮಿಶ್‌ನಲ್ಲಿ ನಮ್ಮ ಮನೆಯ ಗ್ಯಾರೇಜೇ ನನ್ನ ಕೆಲಸದ ಜಾಗ. ಕಾರು ಹೊರಗೆ ನೆನೆಯುತ್ತದೆ, ಒಳಗೆ ಟೇಪಿನ ಯಂತ್ರಗಳು ಬೆಚ್ಚಗಿರುತ್ತವೆ. ಇದರ ಬಗ್ಗೆ ಮನೆಯಲ್ಲಿ ಮೊದಲು ಜಗಳವಾಗುತ್ತಿತ್ತು, ಈಗ ಬರೀ ಗೊಣಗಾಟ. ಹಳೆಯ ಟೇಪು, ಕ್ಯಾಸೆಟ್ಟುಗಳಲ್ಲಿ ಇರುವುದನ್ನು ಕಂಪ್ಯೂಟರಿಗೆ ಇಳಿಸಿ ಕೊಡುವುದು ನನ್ನ ಕಸುಬು. ಬರುವುದೆಲ್ಲ ಹೆಚ್ಚಾಗಿ ನಮ್ಮವರದೇ. ಮದುವೆ, ನಾಮಕರಣ, ಯಾರದೋ ಅಜ್ಜಿ ಹಾಡಿದ ಆರತಿ ಹಾಡು. ಊಟದ ಪಂಕ್ತಿಯನ್ನು ಇಷ್ಟುದ್ದ ಯಾಕೆ ತೆಗೆದರೋ ಎಂದು ಬೈದುಕೊಳ್ಳುವುದು ಬಿಟ್ಟರೆ ತಲೆನೋವಿಲ್ಲದ ಕೆಲಸ.

ಈ ಹೆಂಗಸು ನಮ್ಮ ಕಡೆಯವರಲ್ಲ. ಹತ್ತಿರದ ಊರು ಲಿನ್‌ವುಡ್‌ನಲ್ಲಿ ಅವರ ಮೇಲಿನ ಮಹಡಿಯ ತೆಲುಗು ಸಂಸಾರದ ಮದುವೆ ಟೇಪನ್ನು ನಾನು ಸರಿಮಾಡಿ ಕೊಟ್ಟಿದ್ದೆ. ಆ ಮನೆಯಾಕೆ ಇವರನ್ನು ಕಾರಿನಲ್ಲಿ ತಂದು ಬಿಟ್ಟು, ಅಂಗಡಿಗೆ ಹೋಗಿಬರುತ್ತೇನೆಂದು ಹೊರಟುಹೋದಳು. ಆಮೇಲೆ ನಮ್ಮ ಮನೆಯಲ್ಲಿ ಇವರಿಗೆ ಲಿನ್‌ವುಡ್ ಅಜ್ಜಿ ಎಂದೇ ಹೆಸರಾಯಿತು. ಅವರು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ. ಇಲ್ಲಿ ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

ಅವರದು ಮಹಾಸಾಗರದ ನಡುವಿನ ಒಂದು ದ್ವೀಪ. ಹೆಸರು ಬರೆಯಬೇಡಿ ಎಂದು ಕೇಳಿಕೊಂಡಿದ್ದಾರೆ, ಬರೆಯುವುದಿಲ್ಲ. ಅವರು ಲಂಗದ ಹುಡುಗಿಯಾಗಿದ್ದಾಗ ಹೊರಗಿನ ಸೈನ್ಯ ಬಂದು ಇಳಿಯಿತು. ಇವತ್ತಿಗೂ ಹೋಗಿಲ್ಲ. ಅಲ್ಲಿ ಪತ್ರಿಕೆ ಇರಲಿಲ್ಲ. ಇದ್ದದ್ದು ಬಂದರಿನ ಪಕ್ಕದ ಎರಡು ಕೋಣೆಯ ಒಂದು ರೇಡಿಯೊ ಕೇಂದ್ರ. ಅಜ್ಜಿಯ ಅಣ್ಣ ಅದರ ಸುದ್ದಿ ಓದುವವನು. ಸೈನ್ಯ ಬಂದ ಮೇಲೆ ಆತ ಆ ದಿನದ ಸುದ್ದಿಯನ್ನು ಮಧ್ಯಾಹ್ನವೇ ಟೇಪಿನಲ್ಲಿ ಓದಿಡಬೇಕಿತ್ತು. ಒಬ್ಬ ಅಧಿಕಾರಿ ಕೂತು ಪೂರ್ತಿ ಕೇಳಿ ಒಪ್ಪಿದರೆ ಮಾತ್ರ ಸಂಜೆ ಊರಿಗೆ ಕೇಳಿಸುತ್ತಿತ್ತು.

ಸುದ್ದಿಯ ಕೊನೆಗೆ ದೋಣಿ ಸುದ್ದಿ. ಇದು ಸೈನ್ಯಕ್ಕಿಂತ ಹಳೆಯದು. ಆ ಸಂಜೆ ಕಡಲಿನಿಂದ ವಾಪಸು ಬಾರದವರ ಹೆಸರುಗಳನ್ನು ಒಂದೊಂದಾಗಿ ಓದುವುದು. ಹೆಸರು ಬಂದ ಮನೆಯವರು, ಇದ್ದಲ್ಲಿಂದಲೇ ರೇಡಿಯೊ ಕಡೆ ತಿರುಗಿ "ಕಾಯ್ತಿದ್ದೀವಿ" ಎಂದು ಗಟ್ಟಿಯಾಗಿ ಹೇಳಬೇಕು. ಹೆಸರು ಓದುತ್ತಿರುವವರೆಗೆ, ಮನೆಯವರು ಉತ್ತರ ಕೊಡುತ್ತಿರುವವರೆಗೆ ಹೋದವನು ಸತ್ತ ಲೆಕ್ಕಕ್ಕೆ ಸೇರುವುದಿಲ್ಲ.

ಸೈನ್ಯ ಗಂಡಸರನ್ನು ಎತ್ತಿಕೊಂಡು ಹೋಗತೊಡಗಿದಾಗ ಈ ಅಣ್ಣ ಮಾಡಿದ್ದು ಇಷ್ಟೇ. ಅವರ ಹೆಸರುಗಳನ್ನೂ ದೋಣಿ ಸುದ್ದಿಗೆ ಸೇರಿಸಿದ. ದರ್ಜಿ, ಮೇಷ್ಟ್ರು, ಜನ್ಮದಲ್ಲಿ ದೋಣಿ ಹತ್ತದ ಕುಂಟ ಬಡಗಿ, ಎಲ್ಲರೂ ಕಡಲಿನಿಂದ ಬಂದಿಲ್ಲ ಎಂದು ಓದಿದ. ಊರಿಗೆ ಅರ್ಥವಾಯಿತು. ಅಧಿಕಾರಿಗೆ ಆಗಲಿಲ್ಲ, ಅಥವಾ ಕೆಲವು ಕಾಲ ಆಗಲಿಲ್ಲ.

ಆಮೇಲೊಂದು ದಿನ ಸೈನ್ಯದವರು ಒಂದು ಹೇಳಿಕೆ ಬರೆದು ಕೈಗೆ ಕೊಟ್ಟರು. ಹೋದ ಗಂಡಸರೆಲ್ಲ ದುಡಿಯಲೆಂದು ತಾವಾಗಿಯೇ ಹಡಗು ಹತ್ತಿದ್ದಾರೆ, ಹುಡುಕಬೇಡಿ ಎಂದು. ಅಣ್ಣ ಅದನ್ನು ಓದಿದ. ಓದಿದ ಮಾರನೆಯ ಬೆಳಿಗ್ಗೆ ಈ ಡಬ್ಬಿಯನ್ನು ತಂಗಿಯ ಕೈಗಿಟ್ಟು ಕೇಂದ್ರಕ್ಕೆ ಹೋದವನು ಮನೆಗೆ ಬರಲಿಲ್ಲ.

"ಜನ ಅವನನ್ನ ಸೈನ್ಯದ ಬಾಯಿ ಅಂತಾರೆ," ಅಜ್ಜಿ ಹೇಳಿದರು. "ಇಲ್ಲಿಗೆ ಬಂದ್ಮೇಲೂ ಬಿಟ್ಟಿಲ್ಲ. ಇಲ್ಲಿರೋ ನಮ್ಮ ದ್ವೀಪದೋರ ಸಂಘದ ಅಧ್ಯಕ್ಷರ ತಂದೇನೂ ಎತ್ಕೊಂಡು ಹೋಗಿದ್ರು. ಅವರು ನನ್ನ ಹತ್ರ ಮಾತಾಡಲ್ಲ. ಆ ಹೇಳಿಕೆ ಆದ್ಮೇಲೆ ದಿನಾ ಬರೋ ಕೊನೇ ಹಾಡು ಬಂತು, ಅಷ್ಟೇ ಅಂತಾರೆ. ಆದ್ರೆ ಅವನು ಹೆಸರು ಓದಿದ. ಹೇಳಿಕೆ ಆದ್ಮೇಲೆ ಎಲ್ಲಾ ಹೆಸರೂ ಓದಿದ. ನಾನು ಕೇಳಿದೀನಿ."

"ಟೇಪಲ್ಲಿ ಅದಿದೆಯಾ?"

"ಇಲ್ದಿದ್ರೆ ಇದನ್ನ ಯಾಕೆ ನನ್ನ ಕೈಗೆ ಕೊಡ್ತಿದ್ದ?"

ಸಂಘದವರು ಬೇಸಗೆಯ ಮೊದಲು ಒಂದು ಸಭೆ ಇಟ್ಟುಕೊಂಡಿದ್ದರು. ದ್ವೀಪದ ರೇಡಿಯೊದಿಂದ ಏನಾದರೂ ಉಳಿದಿದ್ದರೆ ತನ್ನಿ, ಎಲ್ಲರೂ ಕೂತು ಕೇಳೋಣ ಎಂದು ಕರೆ ಕೊಟ್ಟಿದ್ದರು. ಯಾರ ಹತ್ತಿರವೂ ಏನೂ ಉಳಿದಿರಲಿಲ್ಲ, ಈ ಡಬ್ಬಿ ಒಂದನ್ನು ಬಿಟ್ಟು. ಹಾಗಾಗಿ ಮಾತು ಬಿಟ್ಟ ಅಧ್ಯಕ್ಷರು ಅಜ್ಜಿಗೆ ಬೇರೊಬ್ಬರ ಕೈಲಿ ಹೇಳಿಕಳಿಸಿದ್ದರು. ಆ ಸಭೆಯಲ್ಲಿ ಅಣ್ಣನ ಬಾಯಿಂದ ಹೆಸರುಗಳು ಬರಬೇಕು. ಅಜ್ಜಿಗೆ ಬೇಕಿದ್ದದ್ದು ಇಷ್ಟೇ, ಬೇರೇನೂ ಅಲ್ಲ.

ಆಗಲಿ ಎಂದುಬಿಟ್ಟೆ. ಟೇಪನ್ನು ಸರಿಯಾಗಿ ನೋಡುವ ಮೊದಲೇ ಹಾಗೆ ಅನ್ನಬಾರದಿತ್ತು.

ಕಾಲು ಅಂಗುಲ ಅಗಲದ ಟೇಪು, ಬೆನ್ನಿಗೆ ಕಪ್ಪು ಲೇಪ. ಈ ಜಾತಿಯ ಟೇಪು ನೋಡಲು ಚೆನ್ನಾಗಿರುತ್ತದೆ, ಒಳಗೆ ಕೆಟ್ಟಿರುತ್ತದೆ. ಧ್ವನಿ ಕೂತಿರುವುದು ಕಂದು ಬಣ್ಣದ ಒಂದು ಪುಡಿಯಲ್ಲಿ. ಆ ಪುಡಿಯನ್ನು ಪಟ್ಟಿಗೆ ಹಿಡಿದಿಡುವ ಅಂಟು ವರ್ಷಗಳುದ್ದಕ್ಕೂ ಗಾಳಿಯ ತೇವ ಕುಡಿದು ಮೇಣದಂತಾಗುತ್ತದೆ. ದ್ವೀಪದ ತೇವ ಸಾಲದೆಂದು ಇದು ಲಿನ್‌ವುಡ್‌ನ ತೇವವನ್ನೂ ಕುಡಿದಿತ್ತು. ಅಂಚಿನಲ್ಲಿ ಬೂಷ್ಟು ಬೇರೆ. ಮೆತ್ತನೆಯ ಬಟ್ಟೆಗೆ ಸ್ಪಿರಿಟ್ ಹಚ್ಚಿ ಬೂಷ್ಟು ಒರೆಸಿದೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು.

ಪರೀಕ್ಷೆಗೆಂದು ಹೊರಗಿನ ಸುತ್ತುಗಳನ್ನು ಮಾತ್ರ ಯಂತ್ರಕ್ಕೆ ಹಾಕಿದೆ. ಕೀರ್ ಎಂದು ಕೂಗಿತು. ನಿಲ್ಲಿಸುವಷ್ಟರಲ್ಲಿ ಯಂತ್ರದ ದನಿ ಓದುವ ತಲೆಗೆ ಕಂದು ಮಡ್ಡಿ ಮೆತ್ತಿಕೊಂಡಿತ್ತು, ಟೇಪಿನ ಮೇಲೆ ಅಷ್ಟು ಉದ್ದಕ್ಕೂ ಬರೀ ಪ್ಲಾಸ್ಟಿಕ್ ಹೊಳೆಯುತ್ತಿತ್ತು. ಫೋನ್ ಮಾಡಿ ಕೇಳಿದೆ, ಮೊದಲಿಗೆ ಏನು ಬರುತ್ತಿತ್ತು ಎಂದು.

"ಮೊದಲು ಅವನ ಹೆಸರು ಹೇಳ್ತಿದ್ದ," ಅಜ್ಜಿ ಅಂದರು. "ನಾನು ಇಂಥವನು, ನಮಸ್ಕಾರ ಅಂತ. ಆಮೇಲೆ ಸುದ್ದಿ."

ಆ ಹೆಸರು ಈಗ ಯಂತ್ರದ ತಲೆ ಒರೆಸಿದ ಒಂದು ಹತ್ತಿಯ ಕಡ್ಡಿಗೆ ಅಂಟಿಕೊಂಡು ನನ್ನ ಕಸದ ಬುಟ್ಟಿಯಲ್ಲಿತ್ತು. ಹೇಳಿದೆ. "ಹೆಸರು ನಂಗೊತ್ತಲ್ಲ, ಬಿಡಿ," ಎಂದರು.

ಇಂಥ ಟೇಪನ್ನು ಓಡಿಸುವ ಮೊದಲು ಬಿಸಿ ಮಾಡಿ ಒಣಗಿಸಬೇಕು. ಅಡುಗೆಯ ಓವನ್ ಆಗದು, ಅದರ ಬಿಸಿ ಒರಟು. ನಮ್ಮ ಮನೆಯಲ್ಲಿ ಡಿಹೈಡ್ರೇಟರ್ ಇದೆ. ತಟ್ಟೆಗಳ ಮೇಲೆ ತಟ್ಟೆ ಇರುವ, ಸಣ್ಣಗೆ ಬಿಸಿಗಾಳಿ ಬಿಡುವ ಡಬ್ಬ. ಇಲ್ಲಿನ ಬಿಸಿಲನ್ನು ನಂಬಿ ಸಂಡಿಗೆ ಇಟ್ಟರೆ ಬೂಷ್ಟು ಬರುತ್ತದೆಂದು ಕೊಂಡದ್ದು. ಜೀರಿಗೆ ವಾಸನೆ ಹೋಗುವವರೆಗೆ ಅದನ್ನು ತಿಕ್ಕಿ ತೊಳೆದೆ. ತಟ್ಟೆಗಳ ನಡುಭಾಗ ಕತ್ತರಿಸಿ ರೀಲು ಕೂರುವಷ್ಟು ಜಾಗ ಮಾಡಿದೆ.

"ಈ ವರ್ಷ ಸಂಡಿಗೆ ಇಲ್ಲ ಅಂತಾಯ್ತು," ಎಂದರು ನಮ್ಮ ಯಜಮಾನರು, ಗ್ಯಾರೇಜಿನ ಬಾಗಿಲಲ್ಲಿ ಕಾಫಿ ಹಿಡಿದು.

"ಇಲ್ಲ."

"ಒಂದು ಟೇಪಿಗೆ ತಟ್ಟೆ ಕೊಯ್ದಿದೀಯ. ಹೋಗ್ಲಿ, ಕೆಲಸ ಆಗತ್ತಾ?"

"ಗೊತ್ತಿಲ್ಲ ರೀ. ಸುಮ್ನೆ ತಲೆ ತಿನ್ಬೇಡಿ."

ಡಿಹೈಡ್ರೇಟರಿನ ಗುಂಡಿ ಹೇಳುವ ಬಿಸಿಯನ್ನು ನಂಬುವಂತಿಲ್ಲ. ಒಳಗೊಂದು ಥರ್ಮಾಮೀಟರ್ ಇಟ್ಟು, ಮುಚ್ಚಳದ ಸಂದಿಯನ್ನು ಕಾಗದದ ಮಡಿಕೆಯಿಂದ ಅಷ್ಟಷ್ಟೇ ತೆರೆದು ಮುಚ್ಚಿ, ಬೇಕಾದ ಬಿಸಿಗೆ ತಂದೆ. ಕಡಿಮೆಯಾದರೆ ತೇವ ಹೋಗುವುದಿಲ್ಲ, ಹೆಚ್ಚಾದರೆ ಪಟ್ಟಿ ಸೊಟ್ಟಗಾಗುತ್ತದೆ. ನಡುನಡುವೆ ರೀಲನ್ನು ಮಗುಚಿಡಬೇಕು. ಅರ್ಧ ಕೆಲಸವಾಗಿತ್ತು, ಗಾಳಿ ಎದ್ದಿತು. ಗಾಳಿ ಎದ್ದರೆ ಕರೆಂಟ್ ಹೋಗುವುದು ಗುಡ್ಡದ ಮೇಲಿರುವ ನಮ್ಮ ಹಣೆಬರಹ. ಎಲ್ಲೋ ಒಂದು ಫರ್ ಮರ ತಂತಿಯ ಮೇಲೆ ಬಿದ್ದು ಇಡೀ ಬೀದಿ ಕತ್ತಲಾಯಿತು. ಕರೆಂಟ್ ಬರುವಷ್ಟರಲ್ಲಿ ರೀಲು ತಣ್ಣಗಾಗಿ ಮತ್ತೆ ತೇವ ಎಳೆದುಕೊಂಡಿತ್ತು. ಮೊದಲಿನಿಂದ ಶುರುಮಾಡಿದೆ.

ಒಣಗಿದ ಮೇಲೆ ಅದನ್ನು ಅದರಷ್ಟಕ್ಕೆ ಆರಲು ಬಿಟ್ಟೆ. ಆಮೇಲೆ ಯಂತ್ರಕ್ಕೆ ಹಾಕಿ ಗುಂಡಿ ಒತ್ತಿದೆ. ಓಡಿತು. ಕೂಗಲಿಲ್ಲ. ಮಾತು ಬಂತು, ಒಬ್ಬ ಗಂಡಸಿನ ದನಿ. ಭಾಷೆ ಗೊತ್ತಿಲ್ಲದ ನನಗೆ ಪಂಚಾಂಗ ಓದಿದ ಹಾಗೆ ಕೇಳಿಸಿತು. ಆದರೆ ಪ್ರತಿ ಅಕ್ಷರವೂ ಬಿಡಿಸಿಟ್ಟಷ್ಟು ಸ್ಪಷ್ಟ. ಒಬ್ಬಳೇ ಗ್ಯಾರೇಜಿನಲ್ಲಿ ಕೂತು ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ.

ಸುಮಾರು ಹೊತ್ತು ಓದಿದ ಮೇಲೆ ದನಿ ನಿಂತಿತು. ಅದೇ ಹೊತ್ತಿಗೆ ಟೇಪು ಪಟ್ಟನೆ ಕಡಿದು, ರೀಲು ತುದಿಯನ್ನು ಬಡಿಯುತ್ತ ತಿರುಗತೊಡಗಿತು. ನಿಲ್ಲಿಸಿ ನೋಡಿದೆ. ಟೇಪು ಹರಿದಿರಲಿಲ್ಲ, ಬೆಸುಗೆಯ ಅಂಟು ಒಣಗಿ ಬಿಟ್ಟಿತ್ತು. ಅಲ್ಲಿ ಟೇಪಿಗೆ ಒಂದು ಗೇಣಿಗಿಂತ ಕೊಂಚ ಉದ್ದದ ಹಳದಿ ಕಾಗದದ ಪಟ್ಟಿಯನ್ನು ಬೆಸೆದಿದ್ದರು. ಆ ಹಳದಿಯಾದ ಮೇಲೆ ಮತ್ತೆ ಕಂದು ಟೇಪು, ಸ್ವಲ್ಪವೇ, ಮುಕ್ತಾಯದ ಹಾಡು ಹಿಡಿಸುವಷ್ಟು. ಅಲ್ಲಿಗೆ ರೀಲು ಮುಗಿದಿತ್ತು.

ಆ ಹಳದಿ ಏನೆಂದು ನನಗೆ ಕೂಡಲೇ ತಿಳಿಯಿತು. ಈ ಕಸುಬಿನಲ್ಲಿರುವ ಯಾರಿಗಾದರೂ ತಿಳಿಯುತ್ತದೆ. ಆದರೂ ಅಜ್ಜಿ ಬಂದು ಕೇಳುವವರೆಗೆ ಬಾಯಿ ಬಿಡಬಾರದೆಂದು ನಿಶ್ಚಯಿಸಿದೆ. ಬೆಸುಗೆಯನ್ನು ಹೊಸದಾಗಿ ಹಾಕಿ, ಇಡೀ ಟೇಪನ್ನು ಒಮ್ಮೆ ಓಡಿಸಿ ಕಂಪ್ಯೂಟರಿಗೆ ಇಳಿಸಿಕೊಂಡೆ.

ಅವರನ್ನು ಲಿನ್‌ವುಡ್‌ನಿಂದ ನಾನೇ ಕರೆತಂದೆ. ದಾರಿಯುದ್ದಕ್ಕೂ ಅವರ ತೊಡೆಯ ಮೇಲೆ ಖಾಲಿ ಡಬ್ಬಿ ಇತ್ತು. ಹೆಡ್‌ಫೋನ್ ಬೇಡವೆಂದರು, ಸ್ಪೀಕರಿನಲ್ಲಿ ಹಾಕಿದೆ. ಎರಡು ವಾಕ್ಯ ಕೇಳಿ ತಲೆ ಅಲ್ಲಾಡಿಸಿದರು.

"ಇದು ನಮ್ಮಣ್ಣ ಅಲ್ಲ. ಅವನ ದನಿ ದಪ್ಪ. ಇದು ಯಾರೋ ಹುಡುಗ."

ನನಗೆ ಮರುಕ್ಷಣ ಹೊಳೆಯಿತು. ಕೇಂದ್ರ ನಡೆಯುತ್ತಿದ್ದದ್ದು ಜನರೇಟರಿನಲ್ಲಿ ಎಂದು ಅವರೇ ಹೇಳಿದ್ದರು. ಅದು ಸೊರಗಿದಾಗ ಅಲ್ಲಿನ ಯಂತ್ರ ನಿಧಾನವಾಗಿ ತಿರುಗಿರಬೇಕು. ನಿಧಾನವಾಗಿ ತುಂಬಿಕೊಂಡದ್ದನ್ನು ನಾನು ಸರಿಯಾದ ವೇಗದಲ್ಲಿ ಓಡಿಸಿದರೆ ದನಿ ತೆಳ್ಳಗಾಗುತ್ತದೆ. ಎಷ್ಟು ನಿಧಾನ ಎಂದು ಹೇಳುವ ಉಪಕರಣ ನನ್ನ ಹತ್ತಿರ ಇಲ್ಲ. ಅವರ ಕಿವಿ ಇತ್ತು. ವೇಗವನ್ನು ಚೂರು ಚೂರೇ ಇಳಿಸುತ್ತ ಹೋದೆ. ಅವರು ಕಣ್ಣು ಮುಚ್ಚಿ ಕೂತಿದ್ದರು. ಒಂದು ಕಡೆ ಅವರ ಕೈ ಮೇಲೆದ್ದು ಗಾಳಿಯಲ್ಲಿ ನಿಂತಿತು. ಅಲ್ಲೇ ಬಿಟ್ಟೆ. ಅವರು ಕಣ್ಣು ಬಿಡಲಿಲ್ಲ, ಅಳಲೂ ಇಲ್ಲ. ಅಣ್ಣ ಓದುತ್ತಿದ್ದ, ತಂಗಿ ಕೇಳುತ್ತಿದ್ದರು, ಅಷ್ಟೇ. ಈ ಕೆಲಸದಲ್ಲಿ ನನಗೆ ಪೂರ್ತಿ ಸಂತೋಷವಾದದ್ದು ಆ ಒಂದು ಸಲ.

"ಈಗ ಹೇಳಿಕೆ ಬರ್ತಿದೆ," ಎಂದರು. "ಇದು ಮುಗೀಲಿ. ಆಮೇಲೆ ಹೆಸರು."

ಹೇಳಿಕೆ ಮುಗಿಯಿತು. ಕೊನೆಯ ಮಾತಾದ ಮೇಲೆ ಆತ ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು. ಅಲ್ಲಿಗೆ ಹಳದಿ ಕಾಗದ, ಒಂದೆರಡು ಕ್ಷಣದ ನಿಶ್ಶಬ್ದ. ಕೂಡಲೇ ಹಾಡು.

ಹಾಡು ಮುಗಿದ ಮೇಲೂ ಅವರು ಸ್ಪೀಕರನ್ನೇ ನೋಡುತ್ತಿದ್ದರು. "ಹೆಸರು ಎಲ್ಲಿ?"

ರೀಲನ್ನು ಕೈಯಲ್ಲಿ ತಿರುಗಿಸಿ ಹಳದಿ ಕಾಗದವನ್ನು ತೋರಿಸಿದೆ. "ಅಮ್ಮಾ, ಇದು ಬರೀ ಕಾಗದ. ಇದರಲ್ಲಿ ದನಿ ನಿಲ್ಲಲ್ಲ. ಯಂತ್ರದ ಮುಂದೆ ಕೂತವರಿಗೆ ಗುರುತಿಗೆ ಅಂತ ಹಾಕೋದು. ಇದು ಬಂದಾಗ ಯಂತ್ರ ನಿಲ್ಲಿಸ್ಬೇಕು, ಮೈಕ್ ಆನ್ ಮಾಡ್ಬೇಕು. ಅಲ್ಲಿ ಓದೋರು ನೇರವಾಗಿ ಮಾತಾಡ್ತಾರೆ. ಮಾತು ಮುಗಿದ್ಮೇಲೆ ಮತ್ತೆ ಯಂತ್ರ ಓಡಿಸಿದ್ರೆ ಹಾಡು."

"ನೇರವಾಗಿ ಅಂದ್ರೆ?"

"ಅಂದ್ರೆ ಟೇಪಿಗೆ ಹೋಗಲ್ಲ." ನನ್ನ ದನಿ ನನಗೇ ಒರಟಾಗಿ ಕೇಳಿಸಿತು. "ನಿಮ್ಮ ಕಡೆ ದೋಣಿಗಳು ವಾಪಸು ಬರ್ತಿದ್ದದ್ದು ಯಾವಾಗ?"

"ಸಂಜೆ. ಕತ್ತಲಾಗೋ ಹೊತ್ತಿಗೆ."

"ಅಧಿಕಾರಿ ಟೇಪ್ ಕೇಳ್ತಿದ್ದದ್ದು?"

"ಮಧ್ಯಾಹ್ನ," ಎಂದವರಿಗೆ ಅಲ್ಲೇ ಹೊಳೆಯಿತು. ಸಂಜೆ ಯಾರು ಬರಲಿಲ್ಲ ಎಂದು ಮಧ್ಯಾಹ್ನವೇ ಓದಿಡುವುದು ಹೇಗೆ? ಎರಡು ಸಂಗತಿಯೂ ಅವರಿಗೆ ಹುಡುಗಿಯಾಗಿದ್ದಾಗಿನಿಂದ ಗೊತ್ತು. ಒಂದರ ಪಕ್ಕ ಒಂದನ್ನು ಇಟ್ಟು ನೋಡಿರಲಿಲ್ಲ. ದೋಣಿ ಸುದ್ದಿಯೊಂದನ್ನು ಮಾತ್ರ ಸೈನ್ಯ ನೇರವಾಗಿ ಓದಲು ಬಿಟ್ಟಿತ್ತು, ಅದಕ್ಕೇ ಅಣ್ಣನಿಗೆ ಹೆಸರು ಸೇರಿಸಲು ಆಯಿತು. ಯಾವ ಸಂದಿಯಲ್ಲಿ ಆತ ಹೆಸರು ತೂರಿಸಿದನೋ ಆ ಸಂದಿಯಲ್ಲಿ ಏನೂ ಉಳಿಯುವಂತಿರಲಿಲ್ಲ.

ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ನಾನು ಹಿಡಿದದ್ದು ಇಲಿಯಲ್ಲ. ಇಷ್ಟು ವರ್ಷ ಆ ಹೇಳಿಕೆ ಬರೀ ಬಾಯಿಮಾತಾಗಿತ್ತು. ಓದಿದ ಎನ್ನುವವರು ಓದಿದ ಎನ್ನುತ್ತಿದ್ದರು, ಕೇಳಿಸಿಕೊಳ್ಳದವರು ಅನುಮಾನದಲ್ಲಿ ಇರಬಹುದಿತ್ತು. ಈಗ ಅದು ಅಣ್ಣನ ದಪ್ಪ ದನಿಯಲ್ಲಿ, ಅಕ್ಷರ ಅಕ್ಷರವೂ ಸ್ಪಷ್ಟವಾಗಿ, ನನ್ನ ಕೈಯಿಂದ ತಯಾರಾಗಿ ಕೂತಿತ್ತು. ಕೆಲಸ ಇನ್ನಷ್ಟು ಕೆಟ್ಟದಾಗಿ ಮಾಡಿದ್ದರೆ ಚೆನ್ನಾಗಿರುತ್ತಿತ್ತು ಎಂದು ಮೊದಲ ಬಾರಿಗೆ ಅನ್ನಿಸಿತು.

"ಆ ಉಸಿರು ಕೇಳಿದ್ರಾ?" ಎಂದೆ. "ಮಾತು ಮುಗಿಸಿದೋರು ಉಸಿರು ಬಿಡ್ತಾರೆ, ಎಳ್ಕೊಳಲ್ಲ. ಮುಂದೆ ಏನೋ ಹೇಳೋನು ಎಳ್ಕೊಂಡಂಗಿದೆ."

"ಅದು ಸಾಕಾ?"

ಸಾಕಾಗದು. ಹಳದಿ ಕಾಗದ ಎಲ್ಲ ದಿನದ ಟೇಪಿನಲ್ಲೂ ಇದ್ದಿರಬೇಕು. ಆ ಸಂಜೆ ಮಾತಾಡಲು ಜಾಗವಿತ್ತು ಎಂದು ಅದು ಹೇಳುತ್ತದೆ, ಮಾತಾಡಿದ ಎಂದು ಹೇಳುವುದಿಲ್ಲ. ತಂಗಿ ಹೆಸರು ಕೇಳಿದೆ ಎನ್ನುತ್ತಾರೆ, ಅಧ್ಯಕ್ಷರು ಕೇಳಿಲ್ಲ ಎನ್ನುತ್ತಾರೆ. ಇಬ್ಬರೂ ಆಗ ಮಕ್ಕಳು, ಇಬ್ಬರೂ ಸುಳ್ಳು ಹೇಳುವವರಲ್ಲ. ನನಗೂ ಗೊತ್ತಿಲ್ಲ ಎಂದು ಅವರಿಗೆ ಹೇಳಿದೆ.

ಆಮೇಲೆ ಆಡಬಾರದ ಒಂದು ಮಾತು ಆಡಿದೆ. "ಟೇಪು ಓಡಿಸೋವಾಗ ಪುಡಿಯಾಯ್ತು ಅಂತ ಹೇಳ್ಬಿಡ್ತೀನಿ. ಹೆಸರುಗಳು ಇದ್ವು, ಒಂದು ಸಲ ಕೇಳಿಸ್ತು, ಆಮೇಲೆ ಹಾಳಾಯ್ತು ಅಂತ. ಯಾರೂ ಅನುಮಾನ ಪಡಲ್ಲ. ಇಂಥ ಟೇಪಿಗೆ ಹಾಗಾಗೋದು ಮಾಮೂಲಿ."

ಅವರು ಒಪ್ಪಿಕೊಂಡುಬಿಡುತ್ತಾರೆ ಎಂದುಕೊಂಡೆ. ಒಪ್ಪಲಿ ಎಂದು ಬಯಸಿದೆ ಕೂಡ.

"ಬೇಡ," ಎಂದರು. "ಅವರ ಸುಳ್ಳನ್ನ ಅವನ ಬಾಯಲ್ಲಿ ಹೇಳಿಸಿದ್ರು. ನನ್ನ ಸುಳ್ಳೂ ಅವನ ಹೆಸರಲ್ಲಿ ಬೇಡ." ಹಳದಿ ಕಾಗದವನ್ನು ಬೆರಳ ತುದಿಯಿಂದ ಮುಟ್ಟಿದರು. "ಇದು ಬಂದಾಗ ಯಂತ್ರ ನಿಲ್ಲಿಸ್ಬೇಕು ಅಂದ್ರಲ್ಲ?"

"ಹೌದು."

"ಹಾಗಿದ್ರೆ ಅಲ್ಲೂ ನಿಲ್ಲಿಸಿ. ಸಭೇಲಿ. ನಾನು ಓದ್ತೀನಿ."

ನನ್ನ ಕಸುಬಿನ ನಿಯಮದ ಪ್ರಕಾರ ಟೇಪಿನಲ್ಲಿ ಇಲ್ಲದ್ದನ್ನು ಒಂದು ಕ್ಷಣವೂ ಸೇರಿಸಬಾರದು. ಇದು ಸೇರಿಸುವುದಲ್ಲ. ಆ ಕೇಂದ್ರದಲ್ಲಿ ಹೇಗೆ ಓಡಿಸುತ್ತಿದ್ದರೋ ಹಾಗೆ ಓಡಿಸುವುದು. ಫೈಲಿಗೆ ಏನನ್ನೂ ಸೇರಿಸಲಿಲ್ಲ, ಗುಂಡಿಯ ಮೇಲೆ ಬೆರಳಿಟ್ಟುಕೊಂಡು ನಾನು ಕೂರುವುದೆಂದು ಒಪ್ಪಿದೆ. ಹೆಸರುಗಳು ನೆನಪಿವೆಯೇ ಎಂದು ಕೇಳಿದ್ದಕ್ಕೆ, "ದಿನಾ ಕೇಳ್ತಿದ್ದೆ, ಮರೆಯತ್ತಾ?" ಎಂದರು.

ದನಿಯನ್ನು ಇನ್ನಷ್ಟು ಹಸನು ಮಾಡುವಾಗ ಒಂದು ಕಡೆ ಎಡವಿದೆ. ಗೊರಗೊರ ಸದ್ದು ತೆಗೆಯುವ ಸಾಫ್ಟ್‌ವೇರಿಗೆ ಮನುಷ್ಯರ ಉಸಿರೂ ಕಸವೇ. ಅದು ಆ ಕೊನೆಯ ಉಸಿರನ್ನೂ ಗುಡಿಸಿಹಾಕಿತ್ತು. ಮೂಲದಿಂದ ಆ ತುಣುಕನ್ನು ಮತ್ತೆ ತೆಗೆದು, ಗೊರಗೊರ ಸಮೇತ, ಅದರ ಜಾಗದಲ್ಲಿ ಕೂರಿಸಿದೆ. ಯಾರ ಕಿವಿಗೂ ಬೀಳುವುದಿಲ್ಲ ಎಂದು ಗೊತ್ತಿದ್ದೇ ಕೂರಿಸಿದೆ.

ಸಭೆ ಲಿನ್‌ವುಡ್‌ನಲ್ಲೇ ಒಂದು ಬಾಡಿಗೆ ಹಾಲಿನಲ್ಲಿ. ಮಡಚುವ ಕುರ್ಚಿಗಳು, ಹಿಂದೆ ಉದ್ದ ಮೇಜಿನ ಮೇಲೆ ಅಲ್ಯೂಮಿನಿಯಂ ಹಾಳೆ ಮುಚ್ಚಿದ ಊಟದ ಟ್ರೇಗಳು, ಮಕ್ಕಳ ಓಡಾಟ. ನಮ್ಮ ಯುಗಾದಿ ಕಾರ್ಯಕ್ರಮದಲ್ಲಿ ಕೂತ ಹಾಗೇ ಇತ್ತು, ಭಾಷೆಯೊಂದು ಬೇರೆ. ನಮ್ಮ ಯಜಮಾನರು ಸ್ಪೀಕರು ಹೊತ್ತು ತಂದಿಟ್ಟು, ಹಿಂದಿನ ಸಾಲಿಗೆ ಹೋಗಿ ಕೂತರು. ಅಧ್ಯಕ್ಷರು ಬಂದು ನನ್ನ ಕೈ ಕುಲುಕಿದರು. ತೆಳ್ಳಗಿನ, ಮೃದು ಮಾತಿನ ಮುದುಕರು. ಬೈಯಲು ಸಿದ್ಧವಾಗಿ ಹೋಗಿದ್ದ ನನಗೆ ಅವರನ್ನು ದ್ವೇಷಿಸಲು ಏನೂ ಸಿಗಲಿಲ್ಲ.

ನಡುವೆ ನಿಲ್ಲಿಸುತ್ತೇನೆ, ಹಳದಿ ಕಾಗದವೆಂದರೆ ಇಂಥದ್ದು ಎಂದು ಅವರಿಗೆ ವಿವರಿಸಿದೆ. ಆ ಉಸಿರಿನ ವಿಷಯವನ್ನೂ ಹೇಳಿದೆ.

"ನನ್ನ ತಂದೆ ತಾವಾಗೇ ಹೋದರು ಅಂತ ಆ ದನಿ ಹೇಳಿದ್ದನ್ನ ನಾನು ಅಮ್ಮನ ಪಕ್ಕ ಕೂತು ಕೇಳಿದೀನಿ," ಎಂದರು. "ಅವತ್ತಿಂದ ಅಮ್ಮ ಉತ್ತರ ಕೊಡೋದು ಬಿಟ್ಟರು. ಆಮೇಲೆ ಅಮ್ಮನೂ ಇಲ್ಲ. ಈಗ ಉಸಿರು ಹಿಡ್ಕೊಂಡು ನಾನೇನು ಮಾಡ್ಲಿ, ಹೇಳಿ." ದನಿ ಏರಿಸಲಿಲ್ಲ. ಹೋಗಿ ಮುಂದಿನ ಸಾಲಿನಲ್ಲಿ ಕೂತರು.

ಶುರುಮಾಡಿದೆ. ಆ ದನಿ ಹಾಲಿನಲ್ಲಿ ತುಂಬಿಕೊಂಡಾಗ ಓಡಾಡುತ್ತಿದ್ದ ಮಕ್ಕಳನ್ನು ಅವರವರ ತಾಯಂದಿರು ಹಿಡಿದು ಕೂರಿಸಿದರು. ಕೆಲವರು ಕಣ್ಣೊರೆಸಿಕೊಂಡರು, ದನಿಗೋ ಭಾಷೆಗೋ ನನಗೆ ತಿಳಿಯದು. ಹೇಳಿಕೆ ಬಂದಾಗ ಸಭೆಯ ರೀತಿ ಬದಲಾಯಿತು. ಬೆನ್ನುಗಳು ನೆಟ್ಟಗಾದವು. ಒಬ್ಬ ಹೆಂಗಸು ಎದ್ದು ಹೊರಗೆ ಹೋದಳು.

ಉಸಿರು ಬಂತು. ಗುಂಡಿ ಒತ್ತಿ ನಿಲ್ಲಿಸಿದೆ.

ಅಜ್ಜಿ ಎದ್ದು ಬಂದು ಮೈಕ್ ಹಿಡಿದರು. ಮೊದಲ ಹೆಸರು ಹೇಳಿದರು. ದರ್ಜಿಯದು ಅದು ಎಂದು ನನಗೆ ಮೊದಲೇ ಹೇಳಿಕೊಟ್ಟಿದ್ದರು. ಹೇಳಿ, ಮನೆಯವರ ಉತ್ತರಕ್ಕೆ ಬಿಡುವ ಜಾಗ ಬಿಟ್ಟರು. ಯಾರೂ ಉತ್ತರಿಸಲಿಲ್ಲ. ದರ್ಜಿಯ ಮನೆಯವರು ಯಾರೂ ಈ ಕಡೆ ಬಂದಿರಲಿಕ್ಕಿಲ್ಲ. ಎರಡನೆಯದು ಮೇಷ್ಟ್ರ ಹೆಸರು. ಹಿಂದೆಲ್ಲೋ ಕುರ್ಚಿ ಕಿರುಗುಟ್ಟಿತು, ಮಾತು ಬರಲಿಲ್ಲ. ಮೂರನೆಯದು ಅಧ್ಯಕ್ಷರ ತಂದೆಯ ಹೆಸರು. ಅದನ್ನು ಅಜ್ಜಿ ಮೈಕಿನ ಕಡೆಯಲ್ಲ, ಮುಂದಿನ ಸಾಲಿನ ಕಡೆ ನೋಡಿ ಹೇಳಿದರು. ಅಧ್ಯಕ್ಷರು ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಅವರ ತುಟಿ ಒಮ್ಮೆ ತೆರೆದುಕೊಂಡಿತು. ಅಷ್ಟೇ. ಅಜ್ಜಿ ಬಿಡಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಿಟ್ಟರು.

ಕುಂಟ ಬಡಗಿಯ ಹೆಸರನ್ನೂ ಹೇಳಿದರು. ಅಲ್ಲಿಗೆ ನಿಂತರು.

ನೆನಪು ಮಾಡಿಕೊಳ್ಳುತ್ತಿದ್ದಾರೆ ಎಂದು ಎಲ್ಲರಿಗೂ ಗೊತ್ತಾಯಿತು. ತುಟಿ ಅಲುಗುತ್ತಿತ್ತು, ಹೆಸರು ಬರುತ್ತಿರಲಿಲ್ಲ. ದಿನಾ ಕೇಳುತ್ತಿದ್ದ ಹೆಸರುಗಳು ಹೋಗಿಬಿಟ್ಟಿದ್ದವು. ಆ ಹಾಲಿನಲ್ಲಿ ವಯಸ್ಸಾದವರೆಲ್ಲರ ಹತ್ತಿರ ಒಂದೊಂದಾದರೂ ಹೆಸರು ಇದ್ದಿರಲೇಬೇಕು. ಕೂತಲ್ಲಿಂದ ಒಬ್ಬರಾದರೂ ಒಂದನ್ನು ಎತ್ತಿಕೊಟ್ಟಿದ್ದರೆ ಸಾಕಿತ್ತು. ಕೊಡಲಿಲ್ಲ. ನನಗೆ ಅವರೆಲ್ಲರ ಮೇಲೂ ಸಿಟ್ಟು ಬಂತು. ಅಲ್ಲಿ ಸಿಟ್ಟಾಗುವ ಹಕ್ಕು ನನಗೇನೂ ಇರಲಿಲ್ಲ.

ಕೊನೆಗೆ ಅವರು ಒಂದು ಹೆಸರು ಹೇಳಿದರು, ಮೆಲ್ಲಗೆ. ಹತ್ತಿಯ ಕಡ್ಡಿಗೆ ಅಂಟಿ ಹೋದ ಅಣ್ಣನ ಹೆಸರು. ಅದಕ್ಕೆ ಉತ್ತರ ಕೊಡಬೇಕಾದ ಮನೆಯಲ್ಲಿ ಉಳಿದವರು ಅವರೊಬ್ಬರೇ. ಓದುವವರು ಉತ್ತರ ಕೊಡುವಂತಿಲ್ಲ. ಕಾಯ್ತಿದ್ದೀವಿ ಎನ್ನುವ ಅವರ ಭಾಷೆಯ ಆ ಒಂದು ಮಾತು ನನಗೆ ಬರುತ್ತಿತ್ತು, ಕಲಿಸಿದ್ದರು. ಗಂಟಲವರೆಗೂ ಬಂತು. ಆ ಮನೆಯವಳಲ್ಲದ ನಾನು ಅದನ್ನು ಹೇಳಿದರೆ ನಾಟಕವಾಗುತ್ತದೆ ಎಂದು ನುಂಗಿಕೊಂಡೆ. ಸರಿ ಮಾಡಿದೆನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಅಧ್ಯಕ್ಷರು ನನ್ನ ಕಡೆ ತಿರುಗಿ, "ಹಾಡು ಹಾಕಿ," ಎಂದರು. ಕಟುವಾಗಿ ಅಲ್ಲ. ಸಾಕಾ ಎಂದು ಅಜ್ಜಿಯನ್ನು ನೋಡಿದೆ. ಅವರು ಹೌದೆಂದು ತಲೆಯಾಡಿಸಿದರು.

ಗುಂಡಿ ಒತ್ತಿದೆ. ಹಾಡು ಶುರುವಾಯಿತು. ಹೊತ್ತು ಮುಳುಗುವಾಗ ಬಲೆ ಎಳೆಯುವವರ ಹಾಡಂತೆ. ಹಾಡಿನ ಮೊದಲ ಸಾಲಿಗೇ ಕೂತವರೆಲ್ಲ ದನಿಗೂಡಿಸಿದರು, ಹೊರಗೆ ಹೋಗಿದ್ದ ಹೆಂಗಸು ಬಾಗಿಲಲ್ಲಿ ನಿಂತು ಹಾಡಿದಳು, ಅಧ್ಯಕ್ಷರು ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದರು. ಎರಡನೆಯ ಸಾಲಿನಿಂದ ಅಜ್ಜಿಯೂ ಹಾಡತೊಡಗಿದರು, ಮೈಕ್ ಇನ್ನೂ ಕೈಯಲ್ಲೇ ಇತ್ತು. ಹಾಡು ಎಲ್ಲರಿಗೂ ಬಾಯಿಪಾಠವಾಗಿತ್ತು.